ಐದು ಬಿಳಿ ಪುಡಿಗಳು

(ಸುರಕ್ಷತಾ ಸಪ್ತಾಹದ ಅಂಗವಾಗಿ ಪೀಣ್ಯದ ಸಣ್ಣ ಕಾರ್ಖಾನೆಗಳ ಕೆಲಸಗಾರರು, ಸ್ಟೋರ್ಸ್ ಸಿಬ್ಬಂದಿ ಮತ್ತು ಅವರ ಮನೆಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಒಂದು ಆಯುಧಪೂಜೆಯ ಬೆಳಿಗ್ಗೆ ನಮ್ಮ ಕಾರ್ಖಾನೆಯಲ್ಲಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಹಿಂದಿನ ಸಂಜೆಯೇ ಯಂತ್ರಗಳನ್ನೆಲ್ಲ ಒರೆಸಿ, ಬಾಳೆಕಂದು ಕಟ್ಟಿ, ಬೂದುಗುಂಬಳಕಾಯಿ ತಂದಿಟ್ಟಿದ್ದರು. ನಾನು ಎಂಟು ಗಂಟೆಗೆ ಒಳಗೆ ಬಂದಾಗ ಮಿಕ್ಸರ್ ಮುಂದೆ ದೊಡ್ಡದೊಂದು ಚುಕ್ಕಿ ರಂಗೋಲಿ ಇತ್ತು. ಎಳೆ ಎಲ್ಲಿಯೂ ಕಡಿದಿರಲಿಲ್ಲ. ಪ್ಯಾಕಿಂಗ್ ವಿಭಾಗದ ಹೆಣ್ಣುಮಗಳೊಬ್ಬಳು ಇನ್ನೂ ಕುಕ್ಕರಗಾಲಿನಲ್ಲಿ ಕುಳಿತು ಮೂಲೆಯ ಹೂವೊಂದನ್ನು ಮುಗಿಸುತ್ತಿದ್ದಳು. ತುಂಬ ಚೆನ್ನಾಗಿದೆಯಮ್ಮ ಎಂದೆ. ಅವಳು ತಲೆ ಎತ್ತಿ, "ಮನೆಯಿಂದ ತಂದ ಪುಡಿ ಸಾಲಲಿಲ್ಲ ಸಾರ್. ತೂಕದ ಮೇಜಿನ ಹತ್ತಿರ ಬಕೆಟ್‌ನಲ್ಲಿ ಇತ್ತಲ್ಲ, ಅದನ್ನೇ ತೆಗೆದುಕೊಂಡೆ. ಕೈಗೆ ಸ್ವಲ್ಪ ಅಂಟುತ್ತದೆ, ಆದರೆ ಎಷ್ಟು ಬೆಳ್ಳಗಿದೆ ನೋಡಿ" ಎಂದಳು.

ಆ ಬಕೆಟ್‌ನಲ್ಲಿದ್ದದ್ದು ಆಂಟಿಮನಿ ಟ್ರೈಆಕ್ಸೈಡ್, ಕೇಬಲ್ಲಿನ ಪ್ಲಾಸ್ಟಿಕ್ಕಿಗೆ ನಾವು ಬೆರೆಸುವ ಬೆಂಕಿತಡೆ ಪುಡಿ. ಹಿಂದಿನ ದಿನ ಬ್ಯಾಚ್‌ಗೆ ತೂಗಿ ಉಳಿದದ್ದು. ಚೀಲದಿಂದ ಬಕೆಟ್‌ಗೆ ಸುರಿಸಿದವನು ನಾನು. ಹೆಸರಿನ ಚೀಟಿ ಅಂಟಿಸದೆ, ಮುಚ್ಚಳ ಹಾಕದೆ, ಹಬ್ಬದ ಗಡಿಬಿಡಿಯಲ್ಲಿ ಮನೆಗೆ ಹೋದವನೂ ನಾನೇ. ಅವಳ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಎರಡನೆಯ ಗಿಣ್ಣಿನ ತನಕ ಬೆಳ್ಳಗಾಗಿದ್ದವು. ಸೆರಗಿಗೂ ಪುಡಿ ತಾಗಿತ್ತು. ಪಕ್ಕದ ತಟ್ಟೆಯಲ್ಲಿ ಕಡಲೆಪುರಿ, ಬೆಲ್ಲ, ಬಾಳೆಹಣ್ಣು.

ಅವಳನ್ನು ಎಬ್ಬಿಸಿ ಕೈ ತೊಳೆಯಲು ಕಳುಹಿಸಿದೆ. ಯಾರೋ ಪೊರಕೆ ತಂದರು, ಅದನ್ನು ಕಸಿದಿಟ್ಟೆ. ಒದ್ದೆ ಬಟ್ಟೆಯಿಂದ ಆ ರಂಗೋಲಿಯನ್ನು ಅಂಚಿನಿಂದ ನಡುವಿಗೆ ಒರೆಸುತ್ತಾ ಬಂದೆ. ಪ್ರಸಾದದ ತಟ್ಟೆಯನ್ನು ಹಾಗೆಯೇ ಕಟ್ಟಿ ಕಸಕ್ಕೆ ಹಾಕಿದೆ. ಸುತ್ತ ನಿಂತವರ ಮುಖ ನನಗೆ ಇಂದಿಗೂ ನೆನಪಿದೆ. ಹಬ್ಬದ ದಿನ, ಪೂಜೆಗೆ ಮುಂಚೆ, ಹೆಣ್ಣುಮಗಳೊಬ್ಬಳು ಹಾಕಿದ ರಂಗೋಲಿಯನ್ನು ಅಳಿಸುವುದು ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಅವಳು ಅತ್ತಳು. ಆಮೇಲೆ ಅಂಗಡಿಯಿಂದ ಪುಡಿ ತರಿಸಿದೆ, ಅವಳೇ ಮತ್ತೆ ಹಾಕಿದಳು. ಎರಡನೆಯದು ಚಿಕ್ಕದಾಗಿತ್ತು.

ಅವಳಿಗೆ ಏನೂ ಆಗಲಿಲ್ಲ. ಒಂದು ಬೆಳಿಗ್ಗೆಯ ಸ್ಪರ್ಶದಿಂದ ಏನೂ ಆಗುವುದಿಲ್ಲ. ನಮ್ಮನ್ನು ಮೈಮರೆಸುವುದೂ ಇದೇ. ಆಸಿಡ್ ಮೈಮೇಲೆ ಬಿದ್ದರೆ ಆ ಕ್ಷಣಕ್ಕೆ ಗೊತ್ತಾಗುತ್ತದೆ, ಆದ್ದರಿಂದ ಆಸಿಡ್‌ಗೆ ಎಲ್ಲರೂ ಹೆದರುತ್ತಾರೆ. ಈ ಪುಡಿ ಉರಿಯುವುದಿಲ್ಲ, ವಾಸನೆ ಇಲ್ಲ, ಕೈ ಸುಡುವುದಿಲ್ಲ. ಅದರ ಕೆಲಸವೇ ಬೆಂಕಿಯನ್ನು ತಡೆಯುವುದು. ಜನರ ಪ್ರಾಣ ಉಳಿಸುವ ಪುಡಿ ಕೆಟ್ಟದ್ದು ಹೇಗಾದೀತು ಎಂದು ನಮ್ಮ ಹುಡುಗರು ನನ್ನನ್ನು ನೇರವಾಗಿ ಕೇಳಿದ್ದಾರೆ. ಆ ಪ್ರಶ್ನೆಗೆ ಉತ್ತರವಾಗಿಯೇ ಇಂದಿನ ಮಾತು.

ಈ ಪುಡಿ ಕೇಬಲ್‌ನಲ್ಲಿ ಏನು ಮಾಡುತ್ತದೆ ಎಂಬುದು ಮೊದಲು. ನಿಮ್ಮ ಮನೆಯ ಗೋಡೆಯೊಳಗೆ ಹಾದುಹೋಗುವ ವೈರಿನ ಮೇಲ್ಪದರ ಪಿವಿಸಿ. ಪಿವಿಸಿಯಲ್ಲಿ ಕ್ಲೋರಿನ್ ಇರುವುದರಿಂದ ಅದು ಸ್ವಭಾವತಃ ಬೇಗ ಹೊತ್ತಿಕೊಳ್ಳುವುದಿಲ್ಲ. ಆದರೆ ವೈರು ಬಾಗಬೇಕಲ್ಲ, ಅದಕ್ಕಾಗಿ ಎಣ್ಣೆಯಂಥ ಪ್ಲಾಸ್ಟಿಸೈಸರ್ ಬೆರೆಸುತ್ತೇವೆ, ಅದು ಚೆನ್ನಾಗಿ ಉರಿಯುತ್ತದೆ. ಆ ಕೊರತೆ ತುಂಬಲು ನೂರು ಕೆಜಿ ಪಿವಿಸಿ ರಾಳಕ್ಕೆ ಸುಮಾರು ಮೂರರಿಂದ ಐದು ಕೆಜಿ ಆಂಟಿಮನಿ ಟ್ರೈಆಕ್ಸೈಡ್ ಸೇರಿಸುವುದು ವಾಡಿಕೆ. ಬೆಂಕಿ ತಗುಲಿದಾಗ ಅದು ಪಿವಿಸಿಯ ಕ್ಲೋರಿನ್ ಜೊತೆ ಕೂಡಿ ಆಂಟಿಮನಿ ಕ್ಲೋರೈಡಿನ ಆವಿಯಾಗುತ್ತದೆ. ಜ್ವಾಲೆ ಮುಂದುವರಿಯಲು ಬೇಕಾದ ಚುರುಕು ಕಣಗಳನ್ನು ಆ ಆವಿ ಹಿಡಿದುಹಾಕುತ್ತದೆ. ಒಂಟಿಯಾಗಿ ಆಂಟಿಮನಿಗೆ ಈ ಶಕ್ತಿ ಇಲ್ಲ. ಕ್ಲೋರಿನ್ ಅಥವಾ ಬ್ರೋಮಿನ್ ಜೊತೆಗಿರಲೇಬೇಕು. ಟಿವಿ, ಕಂಪ್ಯೂಟರ್‌ಗಳ ಪ್ಲಾಸ್ಟಿಕ್ ಕವಚಗಳಲ್ಲಿ ಬ್ರೋಮಿನ್ ಇರುವ ರಾಸಾಯನಿಕದ ಜೊತೆ ಇದನ್ನೇ ಬಳಸುತ್ತಾರೆ.

ಒಮ್ಮೆ ಕರಗಿದ ಪ್ಲಾಸ್ಟಿಕ್ಕಿನೊಳಗೆ ಬೆರೆತ ಮೇಲೆ ಈ ಪುಡಿ ಅಲ್ಲಿಯೇ ಸೆರೆಯಾಗಿರುತ್ತದೆ. ವೈರು ಮುಟ್ಟುವ ಎಲೆಕ್ಟ್ರಿಷಿಯನ್‌ಗಾಗಲೀ ಮನೆಯವರಿಗಾಗಲೀ ಅದರಿಂದ ಹೆದರಿಕೆಯಿಲ್ಲ. ಅಪಾಯ ಹೆಚ್ಚಾಗಿ ಚೀಲದ ಬಾಯಿ ಬಿಚ್ಚಿದ ಹೊತ್ತಿನಿಂದ ಮಿಕ್ಸರ್ ಮುಚ್ಚಳ ಹಾಕುವ ತನಕದ ಕೆಲವು ನಿಮಿಷಗಳಲ್ಲಿದೆ. ಆ ನಿಮಿಷಗಳು ನಮ್ಮವು. ಕೊಂಡವನದಲ್ಲ, ಮಾರಿದವನದಲ್ಲ; ತೂಗುವವನದು, ಸುರಿಯುವವನದು, ಗುಡಿಸುವವನದು.

ಈಗ ನಿಮ್ಮನ್ನು ದೂರದ ಒಂದು ಊರಿಗೆ ಕರೆದೊಯ್ಯುತ್ತೇನೆ. ಆಯುಧಪೂಜೆಯ ಆ ಬಕೆಟ್ ಯಾವ ಮಟ್ಟಕ್ಕೆ ಹೋಗಬಹುದಿತ್ತು ಎಂದು ನನಗೆ ಅರ್ಥವಾದದ್ದು ಆ ಊರಿನ ಕತೆಯಿಂದ.

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಸೇಂಟ್ ಲೂಯಿಸ್ ಎಂಬ ಪುಟ್ಟ ಪಟ್ಟಣವಿದೆ, ಪೈನ್ ನದಿಯ ದಡದಲ್ಲಿ. ಅಲ್ಲಿನ ಮಿಷಿಗನ್ ಕೆಮಿಕಲ್ ಎಂಬ ಕಾರ್ಖಾನೆ ಒಂದೇ ಆವರಣದಲ್ಲಿ ಎರಡು ಬೇರೆ ಬೇರೆ ಸರಕು ತಯಾರಿಸುತ್ತಿತ್ತು. ಒಂದು, ಪ್ಲಾಸ್ಟಿಕ್‌ಗೆ ಬೆರೆಸುವ ಬೆಂಕಿತಡೆ ರಾಸಾಯನಿಕ, ಪಾಲಿಬ್ರೋಮಿನೇಟೆಡ್ ಬೈಫಿನೈಲ್, ಚಿಕ್ಕದಾಗಿ ಪಿಬಿಬಿ. ಅದರ ವ್ಯಾಪಾರದ ಹೆಸರು ಫೈರ್‌ಮಾಸ್ಟರ್. ಇನ್ನೊಂದು ಮೆಗ್ನೀಸಿಯಂ ಆಕ್ಸೈಡ್. ಹಾಲು ಕೊಡುವ ಹಸುಗಳ ಮೇವಿಗೆ ಬೆರೆಸುವಂಥದ್ದು. ಅದರ ಹೆಸರು ನ್ಯೂಟ್ರಿಮಾಸ್ಟರ್. ಎರಡೂ ಪುಡಿ, ಎರಡೂ ಐವತ್ತು ಪೌಂಡಿನ ಕಾಗದದ ಚೀಲ, ಎರಡರ ಹೆಸರಿನ ಬಾಲವೂ ಒಂದೇ. ಮಾಮೂಲಾಗಿ ಚೀಲಗಳ ಮೇಲಿನ ಬಣ್ಣ ಬೇರೆಯಾಗಿರುತ್ತಿತ್ತು. 1973ರಲ್ಲಿ ಬಣ್ಣದ ಚೀಲಗಳಿಗೆ ಕೊರತೆಯಾಯಿತು. ಕಂದು ಬಣ್ಣದ ಸಾದಾ ಚೀಲಕ್ಕೆ ತುಂಬಿ, ಹೆಸರನ್ನು ಅಚ್ಚಿಟ್ಟು ಬಳಿದು ಸಾಗಿಸಿದರು.

ಬೆಂಕಿತಡೆ ಪುಡಿಯ ಹತ್ತಿಪ್ಪತ್ತು ಚೀಲಗಳು ಬ್ಯಾಟಲ್ ಕ್ರೀಕ್ ಬಳಿಯ ಮೇವಿನ ಗಿರಣಿಗೆ ಹೋದವು. ಅಲ್ಲಿ ಯಾರೂ ತಡೆಯಲಿಲ್ಲ. ಯಾಕೆ ತಡೆಯುತ್ತಾರೆ? ಬರುತ್ತಿದ್ದ ಕಡೆಯಿಂದಲೇ ಬಂದಿತ್ತು, ಬರುತ್ತಿದ್ದ ತೂಕವೇ ಇತ್ತು, ಹೆಸರೂ ಹೆಚ್ಚುಕಡಿಮೆ ಅದೇ. ಮೇವಿಗೆ ಬೆರೆಸಿದರು, ರಾಜ್ಯದ ತುಂಬ ಹಂಚಿದರು.

ಆ ವರ್ಷದ ಶರತ್ಕಾಲದಲ್ಲಿ ಹಾಲ್ಬರ್ಟ್ ಎಂಬ ರೈತ ಕುಟುಂಬದ ಹಸುಗಳು ಮೇವು ಬಿಟ್ಟವು. ಹಾಲು ಇಳಿಯಿತು. ಗೊರಸು ವಿಕಾರವಾಗಿ ಬೆಳೆಯತೊಡಗಿತು, ಮೈಗೂದಲು ಉದುರಿತು. ಆ ಮನೆಯ ಮಗ ರಿಕ್ ಹಾಲ್ಬರ್ಟ್ ಕೆಮಿಕಲ್ ಎಂಜಿನಿಯರಿಂಗ್ ಓದಿದ್ದವನು. ಅವನಿಗೆ ಮೇವಿನ ಮೇಲೆ ಅನುಮಾನ ಬಂತು. ಬೇರೆ ರೈತರಿಗೆ, ನೀವು ಸರಿಯಾಗಿ ಸಾಕುತ್ತಿಲ್ಲ ಎಂಬ ಮಾತು ಕೇಳಬೇಕಾಗಿ ಬಂದಿದ್ದ ಕಾಲದಲ್ಲಿ ಅವನು ಮೇವಿನ ಮಾದರಿಗಳನ್ನು ಹಿಡಿದು ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಅಲೆದ. ಅಯೋವಾ ರಾಜ್ಯದ ಏಮ್ಸ್‌ನಲ್ಲಿ ಪರೀಕ್ಷಕರೊಬ್ಬರು ಯಂತ್ರವನ್ನು ಆರಿಸದೆ ಊಟಕ್ಕೆ ಹೋಗಿದ್ದರಂತೆ. ಸಾಮಾನ್ಯವಾಗಿ ನಿಲ್ಲಿಸುವ ಹೊತ್ತು ಮೀರಿ ಓಡಿದ್ದರಿಂದಲೇ ಯಾರೂ ನಿರೀಕ್ಷಿಸದ ಗೆರೆಗಳು ಕಾಗದದ ಮೇಲೆ ಮೂಡಿದ್ದವು. ಕೊನೆಗೆ 1974ರ ವಸಂತದಲ್ಲಿ ಬೆಲ್ಟ್ಸ್‌ವಿಲ್‌ನ ಕೃಷಿ ಇಲಾಖೆಯ ವಿಜ್ಞಾನಿ ಜಾರ್ಜ್ ಫ್ರೈಸ್ ಅದನ್ನು ಪಿಬಿಬಿ ಎಂದು ಗುರುತಿಸಿದರು. ಅವರು ಅದೇ ವಸ್ತುವಿನ ಮೇಲೆ ಮೊದಲೇ ಕೆಲಸ ಮಾಡಿದ್ದರು, ಅದೊಂದು ಪುಣ್ಯ.

ಅಷ್ಟರಲ್ಲಿ ಸುಮಾರು ಒಂದು ವರ್ಷ ಕಳೆದಿತ್ತು. 500ಕ್ಕೂ ಹೆಚ್ಚು ಹೊಲಮನೆಗಳಿಗೆ ದಿಗ್ಬಂಧನ ಹಾಕಿದರು. ಸುಮಾರು 30,000 ದನಗಳನ್ನು, 15 ಲಕ್ಷ ಕೋಳಿಗಳನ್ನು ಕೊಂದು ಹೂಳಿದರು. 50 ಲಕ್ಷದಷ್ಟು ಮೊಟ್ಟೆಗಳನ್ನು ನಾಶಮಾಡಿದರು. ದನ ಸಾಕುವ ಮನೆಯಿಂದ ಬಂದವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಹೆಸರಿಟ್ಟು ಕರೆದ ಹಸುವನ್ನು ಹೊಂಡದ ಅಂಚಿಗೆ ಅಟ್ಟಿಕೊಂಡು ಹೋಗುವುದನ್ನು ಒಮ್ಮೆ ನೆನೆದುಕೊಳ್ಳಿ. ಪಿಬಿಬಿ ಕೊಬ್ಬಿನಲ್ಲಿ ಕೂರುತ್ತದೆ, ಹಾಲಿನಲ್ಲಿ ಇಳಿಯುತ್ತದೆ, ದೇಹದಿಂದ ಸುಲಭಕ್ಕೆ ಹೋಗುವುದಿಲ್ಲ. ಹಾಲು, ಮಾಂಸ, ಮೊಟ್ಟೆ ತಿಂದ ಆ ರಾಜ್ಯದ ಬಹುಪಾಲು ಜನರ ಮೈಯೊಳಗೆ ಅದು ಸೇರಿತು. ಆ ಕುಟುಂಬಗಳ ಆರೋಗ್ಯವನ್ನು ಎಮೋರಿ ವಿಶ್ವವಿದ್ಯಾಲಯದ ಸಂಶೋಧಕರು ಮಕ್ಕಳು ಮೊಮ್ಮಕ್ಕಳ ತನಕ ಅಧ್ಯಯನ ಮಾಡುತ್ತಾ ಬಂದಿದ್ದಾರೆ. ಸೇಂಟ್ ಲೂಯಿಸ್‌ನ ಕಾರ್ಖಾನೆ 1978ರಲ್ಲಿ ಮುಚ್ಚಿತು. ನೆಲವನ್ನು, ನದಿಯನ್ನು ಶುದ್ಧಮಾಡುವ ಕೆಲಸ ದಶಕಗಳಿಂದ ನಡೆಯುತ್ತಾ ಬಂದಿದೆ. ಮೇವಿನ ಆ ಅನಾಹುತದಲ್ಲಿ ಬೇಲಿ, ಬೀಗ, ಪೈಪು ಯಾವುದೂ ಕೈಕೊಟ್ಟಿರಲಿಲ್ಲ. ತಪ್ಪಿದ್ದು ಚೀಲದ ಮೇಲಿನ ಹೆಸರು.

ನಮ್ಮ ದೇಶದಲ್ಲಿ ಆ ಪಿಬಿಬಿ ಜಾತಿಯ ಹೆಕ್ಸಾಬ್ರೋಮೋಬೈಫಿನೈಲ್ ಅನ್ನು 2018ರ ನಿಯಮದಲ್ಲಿ ನಿಷೇಧಿಸಲಾಗಿದೆ. ಅದರ ಜೊತೆಗೆ ಥರ್ಮೋಕೋಲ್ ಹಾಳೆಗಳಿಗೆ ಬಳಸುತ್ತಿದ್ದ ಎಚ್‌ಬಿಸಿಡಿ ಮುಂತಾದ ಬೆಂಕಿತಡೆ ರಾಸಾಯನಿಕಗಳೂ ಹೋದವು. ಆಂಟಿಮನಿ ಟ್ರೈಆಕ್ಸೈಡ್ ನಿಷೇಧವಾಗಿಲ್ಲ, ಅದರ ಗುಣವೂ ಬೇರೆ. ಪಿಬಿಬಿಯ ಹಾಗೆ ಅದು ಹಾಲಿನ ದಾರಿ ಹಿಡಿದು ಊರೆಲ್ಲ ಹರಡುವ ವಸ್ತುವಲ್ಲ. ಆದರೆ ನಮ್ಮ ಸ್ಟೋರ್ಸ್‌ಗೆ ಬಂದು ನೋಡಿ. ಕ್ಯಾಲ್ಸಿಯಂ ಕಾರ್ಬೊನೇಟ್, ಟೈಟಾನಿಯಂ ಡೈಆಕ್ಸೈಡ್, ಜಿಂಕ್ ಆಕ್ಸೈಡ್, ಅಲ್ಯುಮಿನಿಯಂ ಹೈಡ್ರಾಕ್ಸೈಡ್, ಆಂಟಿಮನಿ ಟ್ರೈಆಕ್ಸೈಡ್. ಐದೂ ಬಿಳಿ. ಇಪ್ಪತ್ತಾರು ವರ್ಷದಿಂದ ಈ ಪುಡಿಗಳ ನಡುವೆ ಬದುಕಿರುವ ನನಗೂ ಐದು ಬಟ್ಟಲಲ್ಲಿ ಹಾಕಿಟ್ಟರೆ ಕಣ್ಣಿನಿಂದ ಬೇರೆ ಮಾಡಲು ಆಗುವುದಿಲ್ಲ. ಚೀಲ ಎತ್ತಿದರೆ ಒಂದು ಸುಳಿವು ಸಿಗುತ್ತದೆ: ಆಂಟಿಮನಿ ಪುಡಿ ನೀರಿಗಿಂತ ಐದು ಪಟ್ಟಿಗೂ ಹೆಚ್ಚು ಭಾರದ ವಸ್ತು. ಇಪ್ಪತ್ತೈದು ಕೆಜಿಯ ಚೀಲ ನೋಡಲು ಸಣ್ಣದಾಗಿ ಕಾಣುತ್ತದೆ. ಹೊಸ ಹೆಲ್ಪರ್ ಹುಡುಗರು ಅರ್ಧ ಚೀಲವಿರಬೇಕೆಂದು ಒಂದೇ ಕೈಯಲ್ಲಿ ಎಳೆಯುತ್ತಾರೆ, ಅದು ಕೈಜಾರಿ ಮೂಲೆ ಒಡೆಯುತ್ತದೆ. ನಮ್ಮಲ್ಲಿ ಪುಡಿ ಚೆಲ್ಲಿದ ಹೆಚ್ಚಿನ ಸಂದರ್ಭಗಳು ಹೀಗೆಯೇ ಆದವು.

ಹೆಸರಿನ ವಿಷಯದಲ್ಲಿ ಈಗ ನಮ್ಮಲ್ಲಿ ಒಂದೇ ಕಟ್ಟಳೆ. ಯಾವ ಪುಡಿಯೂ ಹೆಸರಿಲ್ಲದ ಪಾತ್ರೆಯಲ್ಲಿ ಒಂದು ನಿಮಿಷವೂ ಇರಕೂಡದು. ಬಕೆಟ್ ಆಗಲಿ, ಸ್ಕೂಪ್‌ನಲ್ಲಿ ಉಳಿದ ಹಿಡಿಯಷ್ಟಾಗಲಿ. ಚೀಟಿ ಕನ್ನಡದಲ್ಲಿ, ಜೊತೆಗೆ ಹಿಂದಿಯಲ್ಲಿ, ಏಕೆಂದರೆ ಮಿಕ್ಸರ್ ಮೇಲೆ ಈಗ ಬಿಹಾರದ, ಒಡಿಶಾದ ಹುಡುಗರಿದ್ದಾರೆ. ಓದಲು ಬಾರದವರೂ ಇರುವುದರಿಂದ ಬಣ್ಣದ ಪಟ್ಟಿ. ಆಂಟಿಮನಿಗೆ ಕೆಂಪು, ಬೇರೆ ಯಾವುದಕ್ಕೂ ಕೆಂಪು ಇಲ್ಲ. ಅದರ ಸ್ಕೂಪ್ ಕೂಡ ಕೆಂಪು, ಬೇರೆ ಚೀಲಕ್ಕೆ ಹೋಗುವಂತಿಲ್ಲ. ಚೀಲದ ಮೇಲೆ ನೀವು ಒಂದು ಚಿತ್ರ ನೋಡಿರುತ್ತೀರಿ: ಕೆಂಪು ಚೌಕದೊಳಗೆ ಮನುಷ್ಯನ ಆಕೃತಿ, ಎದೆಯ ಮೇಲೆ ಒಡೆದ ನಕ್ಷತ್ರದಂಥ ಗುರುತು. ಅದು ಅಲಂಕಾರಕ್ಕಲ್ಲ. ನಿಧಾನವಾಗಿ, ವರ್ಷಗಳ ಮೇಲೆ ಮೈಯೊಳಗೆ ಕೆಡುಕು ಮಾಡಬಹುದಾದ ವಸ್ತು ಎಂದು ಅದರ ಅರ್ಥ.

ಆ ಕೆಡುಕು ಏನು? ವಿಶ್ವ ಆರೋಗ್ಯ ಸಂಸ್ಥೆಯ ಅಡಿಯಲ್ಲಿರುವ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1989ರಲ್ಲಿ ಆಂಟಿಮನಿ ಟ್ರೈಆಕ್ಸೈಡನ್ನು, ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ ಪಟ್ಟಿಗೆ ಸೇರಿಸಿತ್ತು. 2022ರಲ್ಲಿ ಮತ್ತೆ ಪರಿಶೀಲಿಸಿ, ಈ ಬಗೆಯ ಆಂಟಿಮನಿಯನ್ನು ಒಂದು ಮೆಟ್ಟಿಲು ಮೇಲಕ್ಕೆ, ಬಹುಮಟ್ಟಿಗೆ ಕ್ಯಾನ್ಸರ್‌ಕಾರಕ ಎಂಬ ಗುಂಪಿಗೆ ಏರಿಸಿತು. ಇಲಿಗಳ ಮೇಲೆ ಎರಡು ವರ್ಷ ನಡೆದ ಉಸಿರಾಟದ ಪ್ರಯೋಗಗಳಲ್ಲಿ ಶ್ವಾಸಕೋಶದ ಗೆಡ್ಡೆಗಳು ಕಂಡಿದ್ದವು. ದೀರ್ಘಕಾಲ ಈ ದೂಳು ಕುಡಿದವರ ಎದೆಯ ಎಕ್ಸ್‌ರೇಯಲ್ಲಿ ಕಲೆಗಳು ಕಾಣಿಸಿಕೊಳ್ಳುತ್ತವೆ. ಇನ್ನೊಂದು ಲಕ್ಷಣ ಚರ್ಮದ್ದು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ನಮ್ಮ ಹಿರಿಯ ಮಿಕ್ಸರ್ ಆಪರೇಟರ್ ಒಬ್ಬರ ಮುಂಗೈ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಕೆಂಪು ಗುಳ್ಳೆಗಳೆದ್ದವು. ಬೆವರುಸಾಲೆ ಎಂದುಕೊಂಡು ಅವರು ಪೌಡರ್ ಹಾಕಿಕೊಂಡರು, ಮನೆಯವರು ಗಂಧ ತೇದು ಹಚ್ಚಿದರು. ಯುಗಾದಿಗೆ ಊರಿಗೆ ಹೋಗಿ ನಾಲ್ಕು ದಿನ ಇದ್ದಾಗ ವಾಸಿಯಾಯಿತು, ಕೆಲಸಕ್ಕೆ ಬಂದ ಮೂರನೆಯ ದಿನ ಮರಳಿ ಬಂತು. ಆಗ ನಮಗೆ ಹೊಳೆಯಿತು. ಬೆವರು ಇರುವ ಜಾಗದಲ್ಲಿ ಆಂಟಿಮನಿ ದೂಳು ಕೂತು ಏಳುವ ಗುಳ್ಳೆಗಳಿವು. ಲೋಹದ ಅದಿರು ಕರಗಿಸುವ ಕೆಲಸಗಾರರಲ್ಲಿ ಇದು ಬಹಳ ಹಿಂದಿನಿಂದ ಗೊತ್ತಿರುವ ರೋಗ.

ಇದೇ ಲೋಹ ನಮ್ಮ ದೇಶದಲ್ಲಿ ಜೀವ ಉಳಿಸಿದ್ದೂ ಉಂಟು. ಕಲ್ಕತ್ತೆಯ ಉಪೇಂದ್ರನಾಥ ಬ್ರಹ್ಮಚಾರಿಯವರು ನೂರು ವರ್ಷಗಳ ಹಿಂದೆ ಆಂಟಿಮನಿಯಿಂದ ಯೂರಿಯಾ ಸ್ಟಿಬಮೈನ್ ಎಂಬ ಔಷಧಿ ಮಾಡಿ ಕಾಲಾ ಆಜಾರ್ ಜ್ವರದಿಂದ ಲೆಕ್ಕವಿಲ್ಲದಷ್ಟು ಜನರನ್ನು ಬದುಕಿಸಿದರು. ಅದು ಬೇರೆ ರೂಪ, ವೈದ್ಯರು ಅಳೆದು ಕೊಟ್ಟದ್ದು. ನಾವು ಉಸಿರಿನಲ್ಲಿ ತೆಗೆದುಕೊಳ್ಳುವುದನ್ನು ಅಳೆಯುವವರು ಯಾರು?

ಅಮೆರಿಕದ ಕಾರ್ಮಿಕ ಸುರಕ್ಷತಾ ಕಾನೂನಿನಲ್ಲಿ ಒಂದು ಅಳತೆಯಿದೆ: ಎಂಟು ಗಂಟೆಯ ಪಾಳಿಯಲ್ಲಿ, ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮಿಲಿಗ್ರಾಮ್ ಆಂಟಿಮನಿಗಿಂತ ಹೆಚ್ಚು ಇರಬಾರದು. ಒಂದು ರಾಗಿ ಕಾಳನ್ನು ಐದು ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಪುಡಿ ಮಾಡಿ, ಆಳೆತ್ತರದ ಒಂದು ಬೀರುವಿನಷ್ಟು ಗಾಳಿಯಲ್ಲಿ ತೂರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಅದೂ ಹಳೆಯ ಮಿತಿ. ಇಷ್ಟು ಕಣ್ಣಿಗೆ ಕಾಣುವುದಿಲ್ಲ. ಬೆಳಗಿನ ಪಾಳಿಯಲ್ಲಿ ವೆಂಟಿಲೇಟರ್‌ನಿಂದ ಬಿಸಿಲುಕೋಲು ಬೀಳುವಾಗ ತೂಕದ ಮೇಜಿನ ಬಳಿ ನಿಂತು ನೋಡಿ. ಚೀಲ ಬಿಚ್ಚಿ ಹತ್ತು ನಿಮಿಷ ಕಳೆದರೂ ಆ ಬೆಳಕಿನಲ್ಲಿ ಕಣಗಳು ಇನ್ನೂ ಆಡುತ್ತಿರುತ್ತವೆ. ಬಿಸಿಲು ಸರಿದ ಮೇಲೆ ಅವು ಕಾಣುವುದಿಲ್ಲ, ಅಷ್ಟೇ.

ಆದ್ದರಿಂದ ಪೊರಕೆ ಹಿಡಿಯಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ. ಚೆಲ್ಲಿದ ಪುಡಿಯನ್ನು ಒಣ ಪೊರಕೆಯಿಂದ ಗುಡಿಸಿದರೆ ನೆಲದ ಮೇಲೆ ಸುಮ್ಮನೆ ಮಲಗಿದ್ದದ್ದನ್ನು ಎಬ್ಬಿಸಿ ಮೂಗಿಗೆ ಕೊಟ್ಟಂತೆ. ಒದ್ದೆ ಬಟ್ಟೆ, ಇಲ್ಲವೇ ಸೂಕ್ಷ್ಮ ದೂಳನ್ನೂ ಹಿಡಿಯುವ ಫಿಲ್ಟರ್ ಇರುವ ಕೈಗಾರಿಕಾ ವ್ಯಾಕ್ಯೂಮ್. ಮನೆಯಲ್ಲಿ ಬಳಸುವ ವ್ಯಾಕ್ಯೂಮ್ ಬೇಡ, ಅದು ಮುಂದಿನಿಂದ ಎಳೆದು ಹಿಂದಿನಿಂದ ಊದುತ್ತದೆ. ಪೊರಕೆಗಿಂತ ಕೆಟ್ಟದ್ದು ಕಂಪ್ರೆಸರ್ ಪೈಪು. ಪಾಳಿ ಮುಗಿದ ಕೂಡಲೇ ಸಾಲಾಗಿ ನಿಂತು ಒಬ್ಬರಿಗೊಬ್ಬರು ಏರ್ ಹೊಡೆದು ಬಟ್ಟೆ ಜಾಡಿಸಿಕೊಳ್ಳುವುದು ನಮ್ಮ ಕಾರ್ಖಾನೆಗಳಲ್ಲಿ ಅಂಟುಜಾಡ್ಯದಂತೆ ಹಬ್ಬಿದೆ. ದಿನವಿಡೀ ಮಾಸ್ಕ್ ಹಾಕಿ ಕಾಪಾಡಿಕೊಂಡದ್ದನ್ನು ಮಾಸ್ಕ್ ತೆಗೆದ ಮೇಲೆ ಆ ಅರ್ಧ ನಿಮಿಷದಲ್ಲಿ ಕಳೆದುಕೊಳ್ಳುತ್ತೀರಿ.

ಮಾಸ್ಕ್ ಎಂದರೆ ಕರವಸ್ತ್ರವಲ್ಲ, ಬಟ್ಟೆಯ ಮಾಸ್ಕೂ ಅಲ್ಲ. ಕನಿಷ್ಠ ಎನ್-95, ದಿನವೂ ಸುರಿಯುವ ಕೆಲಸವಿದ್ದವರಿಗೆ ರಬ್ಬರ್ ಅಂಚಿನ, ಫಿಲ್ಟರ್ ಬದಲಿಸಬಹುದಾದ ಅರ್ಧಮುಖದ ಮಾಸ್ಕ್. ಗಡ್ಡವಿದ್ದರೆ ಅಂಚು ಕೂರುವುದಿಲ್ಲ. ಇದಕ್ಕಿಂತ ಮೊದಲು ಮಾಲೀಕರಿಗೆ ಒಂದು ಮಾತು. ಮಾಸ್ಕ್ ಕೊಟ್ಟರೆ ನಿಮ್ಮ ಜವಾಬ್ದಾರಿ ಮುಗಿಯಲಿಲ್ಲ. ಚೀಲ ಬಿಚ್ಚುವ ಜಾಗದಲ್ಲಿ ದೂಳನ್ನು ಅಲ್ಲಿಂದಲೇ ಎಳೆದುಕೊಳ್ಳುವ ಹೀರುಕೊಳವೆ ಹಾಕಿಸಿ. ಫ್ಯಾನ್ ಹಾಕಿಸಿ ಎಂದು ನಾನು ಹೇಳುತ್ತಿಲ್ಲ; ಫ್ಯಾನ್ ಒಬ್ಬನ ದೂಳನ್ನು ಹತ್ತು ಜನರಿಗೆ ಹಂಚುತ್ತದೆ. ಇನ್ನೂ ಒಳ್ಳೆಯ ದಾರಿಯಿದೆ: ಪುಡಿಯನ್ನೇ ಕೊಳ್ಳಬೇಡಿ. ಆಂಟಿಮನಿಯನ್ನು ಮೇಣದಲ್ಲೋ ಪಾಲಿಥಿನ್‌ನಲ್ಲೋ ಬೆರೆಸಿ ಕಾಳಿನ ರೂಪಕ್ಕೆ ತಂದ ಮಾಸ್ಟರ್‌ಬ್ಯಾಚ್ ಸಿಗುತ್ತದೆ. ಕೆಜಿಗೆ ಬೆಲೆ ಹೆಚ್ಚು, ನಿಜ. ಆದರೆ ದೂಳಿನ ಮಾತೇ ಇಲ್ಲವೆನ್ನುವಷ್ಟು ಕಡಿಮೆಯಾಗುತ್ತದೆ. ನಮ್ಮ ಒಂದು ಲೈನ್‌ನಲ್ಲಿ ಇದಕ್ಕೆ ಬದಲಾದ ಮೇಲೆ ಆ ಹಿರಿಯರ ಕೈ ಬೇಸಿಗೆಯಲ್ಲೂ ಶುಭ್ರವಾಗಿದೆ. ಕೆಲವು ಬಗೆಯ ಕೇಬಲ್‌ಗೆ ಆಂಟಿಮನಿಯೇ ಬೇಡ, ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಸಾಕು. ಸುಮಾರು 200 ಡಿಗ್ರಿ ದಾಟಿದರೆ ಅದು ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟನ್ನು ನೀರಾವಿಯಾಗಿ ಬಿಟ್ಟುಕೊಟ್ಟು ಬೆಂಕಿಯನ್ನು ತಣಿಸುತ್ತದೆ. ಬಹಳ ಹೆಚ್ಚು ಹಾಕಬೇಕಾಗುತ್ತದೆ, ಎಲ್ಲ ಕಡೆ ಹೊಂದುವುದಿಲ್ಲ. ಹೊಂದುವಲ್ಲಿ ಬಳಸಿ.

ಇನ್ನು ದಾಸ್ತಾನು. ನೆಲಕ್ಕೆ ತಾಗದಂತೆ ಪ್ಯಾಲೆಟ್ ಮೇಲೆ, ಗೋಡೆಯಿಂದ ಒಬ್ಬ ಮನುಷ್ಯ ಅಡ್ಡಲಾಗಿ ನಡೆಯುವಷ್ಟು ದೂರ, ತಲೆಯ ಮಟ್ಟಕ್ಕಿಂತ ಕೆಳಗೆ. ಮಳೆಗಾಲದಲ್ಲಿ ಶೀಟು ಸೋರುವ ಜಾಗ ಎಲ್ಲರ ಶೆಡ್‌ನಲ್ಲೂ ಒಂದಿರುತ್ತದೆ, ಅದರ ಕೆಳಗೆ ಬೇಡ. ನೀರಿನಿಂದ ಪುಡಿಗೆ ಅಪಾಯವಾಗುವುದಿಲ್ಲ. ಚೀಲ ಕೊಳೆತು ಒಡೆಯುತ್ತದೆ, ಮೇಲಿನ ಹೆಸರು ಅಳಿಸುತ್ತದೆ. ಒಡೆದ ಚೀಲವನ್ನು ಟೇಪ್ ಅಂಟಿಸಿ ಸಾಲಿನಲ್ಲಿ ನಿಲ್ಲಿಸಬೇಡಿ, ದಪ್ಪ ಪಾಲಿಥಿನ್ ಚೀಲದೊಳಗೆ ಇಳಿಸಿ, ಹೆಸರು ಬರೆದು, ಮೊದಲು ಅದನ್ನೇ ಖಾಲಿ ಮಾಡಿ.

ಆಸಿಡ್‌ನಿಂದ ದೂರವಿಡಿ ಎಂದು ಸುರಕ್ಷತಾ ಮಾಹಿತಿ ಪತ್ರದ ಏಳನೆಯ ಭಾಗದಲ್ಲಿ ಬರೆದಿರುತ್ತದೆ. ಯಾಕೆಂದು ಬರೆದಿರುವುದಿಲ್ಲ. ಆಂಟಿಮನಿ ಪುಡಿ, ಆಸಿಡ್, ಜೊತೆಗೆ ಸತುವಿನಂಥ ಲೋಹ, ಈ ಮೂರೂ ಸೇರಿದರೆ ಸ್ಟಿಬೀನ್ ಎಂಬ ಅನಿಲ ಹುಟ್ಟಬಹುದು. ಅದು ರಕ್ತದ ಕೆಂಪುಕಣಗಳನ್ನೇ ಒಡೆಯುವ ವಿಷ. ಕೂಲಿಂಗ್ ಟವರ್‌ನ ಪಾಚಿ, ಸುಣ್ಣ ತೆಗೆಯಲು ತಂದ ಹೈಡ್ರೋಕ್ಲೋರಿಕ್ ಆಸಿಡ್ ಕ್ಯಾನು, ಸತು ಲೇಪಿಸಿದ ಬಕೆಟ್ಟು, ಆಂಟಿಮನಿ ಚೀಲ, ಇವು ಮೂರೂ ಒಂದೇ ಮೂಲೆಯಲ್ಲಿ ನಿಂತಿರುವುದನ್ನು ನಾನು ಬೇರೆ ಬೇರೆ ಶೆಡ್‌ಗಳಲ್ಲಿ ಕಂಡಿದ್ದೇನೆ. ನಾಳೆ ಹೋಗಿ ನಿಮ್ಮ ಮೂಲೆ ನೋಡಿಕೊಳ್ಳಿ.

ಪುಡಿ ಉರಿಯದಿದ್ದರೂ ಅದನ್ನಿಟ್ಟ ಕೋಣೆ ಉರಿಯಬಹುದು. ಚೀಲ, ಪ್ಯಾಲೆಟ್, ಪಕ್ಕದ ಪ್ಲಾಸ್ಟಿಸೈಸರ್ ಡ್ರಮ್ಮು ಎಲ್ಲ ಉರಿಯುತ್ತವೆ. ಅಗ್ನಿಶಾಮಕದವರು ಬಂದಾಗ ಒಳಗೆ ಏನು, ಎಷ್ಟು, ಎಲ್ಲಿ ಎಂಬ ಹಾಳೆ ಗೇಟಿನಲ್ಲಿ ಇರಬೇಕು. ಬೆಂಕಿ ನಂದಿಸಿದ ನೀರನ್ನು ಚರಂಡಿಗೆ ಬಿಡದಂತೆ ಬಾಗಿಲಿಗೆ ಅಡ್ಡಗಟ್ಟೆ ಬೇಕು. ನಮ್ಮ ಪೀಣ್ಯದ ಚರಂಡಿ ನೀರಿನ ಒಂದು ಪಾಲು ವೃಷಭಾವತಿಗೆ ಹೋಗುತ್ತದೆ, ಅದು ಬೈರಮಂಗಲದ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಕಾವೇರಿಗೆ. ಆ ನದಿಗೆ ನಾವು ಈಗಾಗಲೇ ಮಾಡಿರುವ ಅನ್ಯಾಯ ಸಾಕು.

ಊಟದ ಬಗ್ಗೆ. ನಾವು ಕೈಯಲ್ಲಿ ಉಣ್ಣುವವರು. ಮುದ್ದೆ ಮುರಿಯುವ ಬೆರಳಿನ ಉಗುರಸಂದಿಯಲ್ಲಿ ಬಿಳಿ ಗೆರೆ ಇದ್ದರೆ ಅದು ನೇರವಾಗಿ ಹೊಟ್ಟೆಗೆ. ಸೋಪು, ಉಗುರಿನ ಬ್ರಷ್, ಮೊಣಕೈ ತನಕ ನೀರು. ತೂಕದ ಮೇಜಿನ ಬಳಿ ಟೀ ಲೋಟ ಬರಕೂಡದು, ಬೀಡಿ, ಎಲೆ ಅಡಿಕೆ ಬರಕೂಡದು. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಹರಿಯುವ ನೀರು, ಆಮೇಲೆ ವೈದ್ಯರು. ವರ್ಷಕ್ಕೊಮ್ಮೆ ಎದೆಯ ಪರೀಕ್ಷೆ ಮಾಡಿಸಿ, ಹಳೆಯ ಎಕ್ಸ್‌ರೇ ಬಿಸಾಡಬೇಡಿ. ಹೊಸದನ್ನು ಹೋಲಿಸಲು ಅದೇ ಬೇಕು.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಆಂಟಿಮನಿಯ ಬಹುಪಾಲು ಬರುವುದು ಚೀನಾದಿಂದ. 2024ರ ಸೆಪ್ಟೆಂಬರ್‌ನಲ್ಲಿ ಅವರು ರಫ್ತಿಗೆ ನಿಯಂತ್ರಣ ಹಾಕಿದ ಮೇಲೆ ಬೆಲೆ ಗಗನಕ್ಕೇರಿತು. ಬೆಲೆ ಏರಿದಾಗ ಬಿಡಿಯಾಗಿ, ಚೀಟಿಯಿಲ್ಲದ ಚೀಲದಲ್ಲಿ, ಅಗ್ಗಕ್ಕೆ ಸಿಗುವ ಸರಕಿನ ಕಡೆ ಮನಸ್ಸು ಹೋಗುತ್ತದೆ. ಕೀಳು ದರ್ಜೆಯ ಪುಡಿಯಲ್ಲಿ ಸೀಸ, ಆರ್ಸೆನಿಕ್ ಹೆಚ್ಚಿರುತ್ತವೆ. ವಿಶ್ಲೇಷಣಾ ಪತ್ರವಿಲ್ಲದ ಚೀಲವನ್ನು ಗೇಟಿನೊಳಗೆ ಬಿಡಬೇಡಿ.

ಕೊನೆಗೆ ಖಾಲಿ ಚೀಲ. ಸ್ಟೋರ್ಸ್‌ನಲ್ಲಿ ಅದಕ್ಕೆ ಲೆಕ್ಕವಿರುವುದಿಲ್ಲ, ಆದ್ದರಿಂದ ಅದು ನಡೆದುಹೋಗುತ್ತದೆ. ಗಟ್ಟಿ ಚೀಲ, ಒಳಗೆ ಪಾಲಿಥಿನ್ ಪದರ. ಗುಜರಿಯವನಿಗೆ ಹೋಗುತ್ತದೆ, ಇಲ್ಲವೇ ಮಡಿಚಿಕೊಂಡು ಮನೆಗೆ. ಒಳಗೆ ಅಂಟಿಕೊಂಡ ಪುಡಿಯನ್ನು ನಾನೊಮ್ಮೆ ತೂಗಿ ನೋಡಿದ್ದೇನೆ, ಜಾಡಿಸಿದ ಚೀಲದಲ್ಲೂ ಒಂದು ಚಮಚಕ್ಕೆ ಮೋಸವಿರಲಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ರಾಸಾಯನಿಕ ತಾಗಿದ ಖಾಲಿ ಚೀಲ, ಡ್ರಮ್ಮು ಕೂಡ ಅಪಾಯಕಾರಿ ತ್ಯಾಜ್ಯವೇ. ತೊಂಬತ್ತು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಒಪ್ಪಿಸಬೇಕು. ದಾಬಸ್‌ಪೇಟೆಯಲ್ಲಿ ಅದಕ್ಕೆಂದೇ ವಿಲೇವಾರಿ ಘಟಕವಿದೆ. ಎಷ್ಟು ತುಂಬಿದ ಚೀಲ ಒಳಗೆ ಬಂತೋ ಅಷ್ಟು ಖಾಲಿ ಚೀಲ ರಿಜಿಸ್ಟರ್‌ನಲ್ಲಿ ಕಾಣಬೇಕು.

ಮಾತು ಇಲ್ಲಿಗೆ ಮುಗಿಸಿದೆ. ಪ್ರಶ್ನೆಗಳು ಬಂದವು. ಒಬ್ಬ ತಾಯಿ, ಮಗನ ಯೂನಿಫಾರಂ ಮನೆಯ ಬಟ್ಟೆಗಳ ಜೊತೆ ಒಗೆಯಬಹುದೇ ಎಂದು ಕೇಳಿದರು. ಬೇಡಮ್ಮ, ಬೇರೆ ಬಕೆಟ್ಟಿನಲ್ಲಿ ಒಗೆಯಿರಿ, ಒಗೆಯುವ ಮುಂಚೆ ಜಾಡಿಸಬೇಡಿ, ನೇರವಾಗಿ ನೀರಿಗೆ ಮುಳುಗಿಸಿ. ನಿಜವಾಗಿ ಅದು ಕಾರ್ಖಾನೆಯಲ್ಲೇ ಒಗೆಯಬೇಕಾದ ಬಟ್ಟೆ ಎಂದೆ. ಅವರು ಸ್ವಲ್ಪ ಹೊತ್ತು ನಿಂತು, ದನಿ ತಗ್ಗಿಸಿ, "ಅವನು ತಂದುಕೊಟ್ಟ ಮೂರು ಚೀಲ ನಮ್ಮ ಮನೆಯಲ್ಲಿದೆ ಸ್ವಾಮಿ. ಮಾಳಿಗೆಯ ಮೇಲೆ ರಾಗಿ ಒಣಗಿಸಲು ಹಾಸುತ್ತೇನೆ" ಎಂದರು.

ಹರಿಯಬೇಡಿ, ತೊಳೆಯಬೇಡಿ, ಒಳಬದಿ ಒಳಗೇ ಇರುವಂತೆ ನಿಧಾನಕ್ಕೆ ಮಡಿಚಿ, ಪಾಲಿಥಿನ್ ಕವರಿನಲ್ಲಿ ಕಟ್ಟಿ ಮಗನ ಕೈಯಲ್ಲಿ ಕಳುಹಿಸಿ, ಅದರ ಮೇಲೆ ಒಣಗಿಸಿದ ರಾಗಿಯನ್ನು ಬಳಸಬೇಡಿ ಎಂದು ಹೇಳಿದೆ. ರಾಗಿಯ ಮಾತಿಗೆ ಅವರ ಮುಖ ಸಣ್ಣಗಾಯಿತು. ಎಷ್ಟು ರಾಗಿ ಎಂದು ಕೇಳಿದೆ, ಹತ್ತು ಸೇರು ಎಂದರು.

ಸೋಮವಾರ ಬೆಳಿಗ್ಗೆ ಹುಡುಗ ಪೊಟ್ಟಣ ತಂದ. ಎರಡು ಚೀಲದ ಮೇಲೆ ಹೆಸರು ಇನ್ನೂ ಓದುವಂತಿತ್ತು, ಮೂರನೆಯದು ಬಿಸಿಲಿಗೆ ಪೂರ್ತಿ ಬಿಳಿಚಿಕೊಂಡಿತ್ತು. ಮೂರನ್ನೂ ಕೆಂಪು ಪಟ್ಟಿಯ ಡ್ರಮ್ಮಿಗೆ ಹಾಕಿ, ರಿಜಿಸ್ಟರ್‌ನಲ್ಲಿ ದಿನಾಂಕ ಬರೆದು, ಬಂದದ್ದು ಎಲ್ಲಿಂದ ಎಂಬ ಕಾಲಮ್ಮಿನಲ್ಲಿ "ಮನೆಯಿಂದ" ಎಂದು ಬರೆದೆ. ಕ್ಯಾಂಟೀನಿನ ಲೆಕ್ಕದಲ್ಲಿ ಹತ್ತು ಸೇರು ರಾಗಿ ಕೊಡಿಸಿ ಅದೇ ಹುಡುಗನ ಕೈಯಲ್ಲಿ, ಹೊಸ ಗೋಣಿಚೀಲದಲ್ಲಿ ಕಳುಹಿಸಿದೆವು.